ಕೆ ನಾಲ್ಕು ಮತ್ತು ನಿಂಗಮ್ಮನ ಮನೆಯ ಹೆಪ್ಪು

ಕಳೆದ ತಿಂಗಳು ಕೆ.ಆರ್. ಪೇಟೆಯಲ್ಲಿ ಚಿಕ್ಕಮ್ಮನ ಮಗಳ ಗೃಹಪ್ರವೇಶವಿತ್ತು. ಬೆಳಿಗ್ಗೆಯೇ ಬಸ್ಸು ಹತ್ತಿದೆ. ಶ್ರೀರಂಗಪಟ್ಟಣದಲ್ಲಿ ನಿಂತೇ ಹೊರಟವಳಿಗೆ ಪಾಂಡವಪುರದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೂಕನಕೆರೆಗೆ ಬಂದಾಗ ಡ್ರೈವರು ಟೀ ಕುಡಿದು ಬರುತ್ತೇನೆಂದು ಇಳಿದುಹೋದ. ಬಸ್ಸು ನಿಂತದ್ದು ಹಾಲಿನ ಡೈರಿಯ ಎದುರಿಗೆ, ಅದೂ ಜನ ಹಾಲು ತಂದು ಹಾಕುವ ಹೊತ್ತಿನಲ್ಲಿ. ಆಗತಾನೆ ಕರೆದ ಹಾಲಿನ ಬೆಚ್ಚಗಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಬೇರೆಯವರಿಗೆ ಆ ವಾಸನೆಯಿಂದ ಅಜ್ಜಿ ಮನೆ ನೆನಪಾಗಬಹುದು. ನನಗೆ ನೆನಪಾದದ್ದು ಮೂವತ್ತೇಳು ಡಿಗ್ರಿಯಲ್ಲಿ ಬೆಚ್ಚಗಿರುವ ಒಂದು ಪೆಟ್ಟಿಗೆ, ಅದರೊಳಗೆ ಮಲಗಿಸಿಟ್ಟ ಚಪ್ಪಟೆ ಬಾಟಲಿಗಳು, ಮತ್ತು ಆರು ವರ್ಷದ ಹಿಂದೆ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ನಾನು ಕಳೆದ ವರ್ಷ.

ಆಗ ನಾನು ಮೈಸೂರಿನ ಒಂದು ಲ್ಯಾಬಿಗೆ ಸೇರಿ ಮೂರು ತಿಂಗಳಾಗಿತ್ತು. ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮೊಸರನ್ನ ಕಲೆಸಿ ನಿವೃತ್ತರಾದವರು. ಮಗಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಪ್ಪ 'ಲ್ಯಾಬು' ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಹಾಗಾಗಿ ಬೀದಿಯ ಹಿರಿಯರೆಲ್ಲ ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ನಾನು ಮಾಡುವುದು ಕ್ಯಾನ್ಸರ್ ಸಾಕುವ ಕೆಲಸ ಎಂದು ಒಮ್ಮೆ ಒಬ್ಬರಿಗೆ ನಿಜ ಹೇಳಿದೆ. ಅವರು ಮತ್ತೆ ಬರಲಿಲ್ಲ.

ಸಾಕುವುದು ಎಂದದ್ದು ತಮಾಷೆಗಲ್ಲ. ಮಕ್ಕಳಿಗೆ ಬರುವ ಗಡ್ಡೆಗೆ ಹೊಸ ಔಷಧಿ ಹುಡುಕಬೇಕಾದರೆ ಮೊದಲು ಯಾವುದರ ಮೇಲಾದರೂ ಹಾಕಿ ನೋಡಬೇಕು. ಮಗುವಿನ ಮೇಲೇ ಹಾಕಿ ನೋಡಲಾಗದು. ಅದಕ್ಕಾಗಿ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಮೈಯಿಂದಾಚೆ ಬಾಟಲಿಯಲ್ಲಿ ಬೆಳೆಸುತ್ತಾರೆ. ಹೆಚ್ಚಿನವು ಕೆಲವೇ ದಿನಕ್ಕೆ ಸಾಯುತ್ತವೆ. ಅಪರೂಪಕ್ಕೆ ಒಂದು ಬದುಕಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಮೇವು ಕೊಡುವಷ್ಟು ಕಾಲ ನಿಲ್ಲದೆ ಬೆಳೆಯುತ್ತದೆ. ಅದಕ್ಕೆ ಸೆಲ್ ಲೈನು ಎನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿದ್ದ ಲೈನುಗಳೆಲ್ಲ ಯಾವುದೋ ದೇಶದ ಮಕ್ಕಳವು. ಈ ಸೀಮೆಯ ಮಕ್ಕಳದ್ದು ಒಂದಾದರೂ ನಿಲ್ಲಬೇಕು ಎಂಬುದು ನಮ್ಮ ಡಾಕ್ಟರಮ್ಮನ ಹಟ. ಲ್ಯಾಬು ಅವರದ್ದು, ಹಟ ಅವರದ್ದು, ಓಡಾಟ ನನ್ನದು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸಣ್ಣ ಕೊಳವೆ ಹಿಡಿದು ಕಾಯುತ್ತಿದ್ದೆ. ಗಡ್ಡೆ ಯಾವುದೆಂದು ತಿಳಿಯಲು ಸರ್ಜನ್ನರು ತೆಗೆದ ಚೂರಿನಲ್ಲಿ ಪರೀಕ್ಷೆಗೆ ಕಳಿಸಿ ಮಿಕ್ಕದ್ದು ನಮಗೆ. ಅದನ್ನು ಐಸಿನ ಡಬ್ಬದಲ್ಲಿಟ್ಟುಕೊಂಡು ಲ್ಯಾಬಿಗೆ ಓಡಬೇಕು, ಕೊತ್ತಂಬರಿ ಹೆಚ್ಚುವಷ್ಟು ಸಣ್ಣಗೆ ಹೆಚ್ಚಬೇಕು, ತೊಳೆಯಬೇಕು, ಗುಲಾಬಿ ಬಣ್ಣದ ಮೇವಿನ ನೀರಿನಲ್ಲಿ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಡಬೇಕು. ಆಮೇಲೆ ಕಾಯುವುದು. ಮಕ್ಕಳ ಹೆಸರು ಬರೆಯುವಂತಿಲ್ಲವಾದ್ದರಿಂದ ನಾನು ತಾಲೂಕಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಬರೆದು ನಂಬರು ಹಾಕುತ್ತಿದ್ದೆ. ಶ್ರೀರಂಗಪಟ್ಟಣ ತಾಲೂಕು ಬೆಳಗೊಳದ ಮಗುವಿನದು ಎಸ್ ಒಂದು. ಅದು ನಾಲ್ಕೇ ದಿನ ಇತ್ತು. ನಾಗಮಂಗಲದ ಎನ್ ಒಂದಕ್ಕೆ ಬೂಷ್ಟು ಹಿಡಿಯಿತು. ಪಾಂಡವಪುರದ ಪಿ ಎರಡು ಚೆನ್ನಾಗಿ ಬೆಳೆಯಿತೆಂದು ನಾನು ಹಿಗ್ಗಿದರೆ, ಬೆಳೆದದ್ದು ಗಡ್ಡೆಯ ಕೋಶವೇ ಅಲ್ಲ, ಜೊತೆಗೆ ಬಂದ ಸಾಮಾನ್ಯ ಕೋಶ. ಪೈರು ಒಣಗಿ ಕಳೆ ನಿಂತಿತ್ತು. ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಬಿಸಾಕು ಎಂದು ಅದರ ಅರ್ಥ.

ಗಾನವಿ ಬಂದದ್ದು ಆ ಶ್ರಾವಣದಲ್ಲಿ. ಅಣೆಕಟ್ಟೆ ತುಂಬಿ ನೀರು ಬಿಟ್ಟಿದ್ದರು. ನಾನು ದಿನಾ ಹೋಗುವ ರೈಲು ಸೇತುವೆ ದಾಟುವಾಗ ಜನರೆಲ್ಲ ಕೆಂಪು ನೀರು ನೋಡಲು ಬಾಗಿಲಿಗೆ ಬರುತ್ತಿದ್ದರು. ಅವಳಿಗೆ ನಾಲ್ಕು ವರ್ಷ, ಕೆ.ಆರ್. ಪೇಟೆ ತಾಲೂಕಿನ ಬೂಕನಕೆರೆ ಪಕ್ಕದ ಹಳ್ಳಿ. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಯಲ್ಲಿ ಗಡ್ಡೆ. ಚಿಕ್ಕ ಮಕ್ಕಳಿಗೇ ಬರುವಂಥದ್ದು. ಅವಳದು ಮೂಳೆಯೊಳಕ್ಕೂ ಇಳಿದಿತ್ತು. ಜೊತೆಗೆ ತಾಯಿ ಶೋಭಾ, ಟ್ರಾಕ್ಟರು ಓಡಿಸುವ ತಂದೆ ಕುಮಾರ, ತಂದೆಯ ತಾಯಿ ನಿಂಗಮ್ಮ. ಮೂವರಲ್ಲಿ ಮಾತು ನಿಂಗಮ್ಮನದು.

ಒಪ್ಪಿಗೆ ಪತ್ರ ಓದಿ ಹೇಳುವುದು ನನ್ನ ಕೆಲಸ. ಅದರ ಕನ್ನಡ ಯಾರು ಬರೆದಿದ್ದರೋ, ಓದಿದರೆ ನನಗೇ ತಿಳಿಯುತ್ತಿರಲಿಲ್ಲ. ಓದಿ ಮುಗಿಸಿದಾಗ ಮೂವರೂ ನನ್ನ ಮುಖ ನೋಡುತ್ತಿದ್ದರು. ಮನೆಯಲ್ಲಿ ಹಸು ಇದೆಯೇ ಎಂದು ಕೇಳಿದೆ. ಎರಡು ಹಸು, ಒಂದು ಎಮ್ಮೆ ಎಂದು ನಿಂಗಮ್ಮ ಹೇಳಿತು. ಹಾಗಾದರೆ ಸುಲಭ ಎಂದುಕೊಂಡು ನಾನು ಹೆಪ್ಪಿನ ಉದಾಹರಣೆ ಕೊಟ್ಟೆ. ಹಾಲನ್ನು ಉಗುರುಬೆಚ್ಚಗೆ ಆರಿಸಿ ಒಂದು ಚಮಚ ಹೆಪ್ಪು ಹಾಕುತ್ತೀರಿ, ನಾಳೆ ಪಾತ್ರೆ ತುಂಬ ಮೊಸರು, ಅದರಲ್ಲಿ ಒಂದು ಚಮಚ ತೆಗೆದಿಟ್ಟರೆ ನಾಡಿದ್ದಿಗೂ ಮೊಸರು. ನಾವು ಮಾಡುವುದೂ ಅಷ್ಟೆ, ಹೇಗಿದ್ದರೂ ಹೊರಗೆ ತೆಗೆದ ಚೂರಿನಿಂದ ಹೆಪ್ಪಿನಷ್ಟು ನಮಗೆ ಕೊಡಿ ಎಂದೆ. ಮೊಸರನ್ನದ ಮನೆಯ ಮಗಳಲ್ಲವೇ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮಗುವಿಗೆ ಇನ್ನೊಂದು ಸಲ ಕೊಯ್ಯುವುದಿಲ್ಲವೇ ಎಂದು ನಿಂಗಮ್ಮ ಎರಡು ಬಾರಿ ಕೇಳಿ ಖಾತ್ರಿ ಮಾಡಿಕೊಂಡು, ಮಗನ ಕಡೆ ತಿರುಗಿತು.

"ಆಕ್ಲಾ ಸೈನ. ಎಪ್ಪು ಕೇಳ್ದೋರ್ಗೆ ಇಲ್ಲ ಅನ್ಬಾರ್ದು. ನಾಳೆ ನಮ್ಮನೇದು ಕೆಟ್ರೆ ನಾವೂ ಬೇರೆಯೋರ್ ಬಾಗ್ಲಿಗೋಗೋರೇಯ."

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಮನೆಯವರು ಯಾವಾಗ ಬೇಡವೆಂದರೂ ನಿಲ್ಲಿಸುತ್ತೇವೆ, ನಮ್ಮಲ್ಲಿರುವುದನ್ನು ನಾಶ ಮಾಡುತ್ತೇವೆ ಎಂದು. ಅದನ್ನೂ ಓದಿದೆ. ಬಸ್ಸು ಹೊರಡುವ ಹೊತ್ತಿನಲ್ಲಿ ಓದುವಂತೆ ಓದಿದೆ.

ಕೆ ನಾಲ್ಕು ಎಂದು ಬರೆದ ಬಾಟಲಿಯಲ್ಲಿ ಐದು ವಾರ ಏನೂ ಆಗಲಿಲ್ಲ. ತಳಕ್ಕೆ ಅಂಟಿಕೊಂಡ ನಾಲ್ಕಾರು ಕೋಶಗಳು ಇದ್ದವು ಅಷ್ಟೆ, ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದೆ. ದಸರಾ ರಜೆ ಮುಗಿಸಿ ಬಂದು ನೋಡಿದರೆ ಕೋಶಗಳು ಸಣ್ಣ ಸಣ್ಣ ಗುಂಪಾಗಿದ್ದವು, ಒಂದೊಂದರಿಂದಲೂ ತೆಳ್ಳಗಿನ ಎಳೆ ಹೊರಟು ಪಕ್ಕದ್ದನ್ನು ಮುಟ್ಟಿತ್ತು. ಡಾಕ್ಟರಮ್ಮನನ್ನು ಕರೆದೆ. ಅವರು ಬಹಳ ಹೊತ್ತು ನೋಡಿ, ಯಾರಿಗೂ ಹೇಳಬೇಡ, ಕಣ್ಣು ಬೀಳುತ್ತದೆ ಎಂದರು. ಅಷ್ಟು ಓದಿದವರು ಆ ಮಾತು ಆಡಿದ್ದು ನನಗೆ ಇವತ್ತಿಗೂ ಇಷ್ಟ. ಆಮೇಲೆ ವಾರಕ್ಕೊಮ್ಮೆ ಬಾಟಲಿ ತುಂಬುತ್ತಿತ್ತು. ಸ್ವಲ್ಪ ತೆಗೆದು ಹೊಸ ಬಾಟಲಿಗೆ ಹಾಕುತ್ತಿದ್ದೆ, ಮಿಕ್ಕದ್ದನ್ನು ಕೊರೆಯುವ ಚಳಿಯ ಡಬ್ಬದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಿದ್ದೆ.

ಗಾನವಿ ಮೂರು ವಾರಕ್ಕೊಮ್ಮೆ ಔಷಧಿ ಹಾಕಿಸಿಕೊಳ್ಳಲು ಬರುತ್ತಿದ್ದಳು. ಮೊದಲ ದಿನ ನನ್ನ ಕೈಯಲ್ಲಿದ್ದ ಕೊಳವೆಯ ಗುಲಾಬಿ ಬಣ್ಣದ ನೀರು ನೋಡಿ ಪಾನಕ ಎಂದುಕೊಂಡಿದ್ದಳು. ಅಲ್ಲಿಂದ ನಾನು ಪಾನಕದಕ್ಕ. ತಂದಿದ್ದೀಯಾ ಎಂದು ಪ್ರತಿ ಸಲ ಕೇಳುವಳು, ಇಲ್ಲವೆಂದರೆ ನಂಬುತ್ತಿರಲಿಲ್ಲ, ನನ್ನ ಚೀಲ ತೆಗೆಸಿ ನೋಡುವಳು. ಬಿಳಿ ಕೋಟು ಕಂಡರೆ ಮಾತ್ರ ಎರಡೂ ಕೈಯನ್ನು ಫ್ರಾಕಿನೊಳಗೆ ಎಳೆದುಕೊಂಡು ಖಾಲಿ ತೋಳು ಅಲ್ಲಾಡಿಸುತ್ತಾ, ಕೈಯೇ ಇಲ್ಲ, ಎಲ್ಲಿಗೆ ಚುಚ್ಚುತ್ತೀರಿ ಎನ್ನುವಂತೆ ನಿಲ್ಲುತ್ತಿದ್ದಳು.

ನಾನು ತಪ್ಪು ಮಾಡಿದ್ದು ಇಲ್ಲಿ. ಬಾಟಲಿಯಲ್ಲಿ ಬೆಳೆಯುತ್ತಿರುವುದು ಇಂಥ ಮಗುವಿನದೇ ಎಂದು ಸಾಬೀತು ಮಾಡಲು ಆ ಮಗುವಿನ ಸ್ವಲ್ಪ ರಕ್ತ ಬೇಕು, ಎರಡನ್ನೂ ಹೋಲಿಸಲು. ಲ್ಯಾಬಿನಲ್ಲಿ ಹತ್ತು ಬಾಟಲಿ ಇರುತ್ತವೆ, ಒಂದರೊಳಗೆ ಇನ್ನೊಂದು ಬೆರೆತರೆ ಕಣ್ಣಿಗೆ ಕಾಣುವುದಿಲ್ಲ. ಹೋಲಿಸಿ ನೋಡದ ಲೈನನ್ನು ಯಾರೂ ನಂಬುವುದಿಲ್ಲ. ಆ ರಕ್ತ ತೆಗೆಯಬೇಕಾದವಳು ನಾನು. ಖಾಲಿ ತೋಳು ಅಲ್ಲಾಡಿಸುವ ಮಗುವಿಗೆ ನಾನೂ ಒಂದು ಸೂಜಿ ಚುಚ್ಚುವುದೇ, ಮುಂದಿನ ಸಲ ತೆಗೆದರಾಯಿತು ಎಂದುಕೊಂಡೆ. ಮುಂದಿನ ಸಲವೂ ಹಾಗೆಯೇ ಅಂದುಕೊಂಡೆ. ಪಾನಕದಕ್ಕ ಎನ್ನಿಸಿಕೊಳ್ಳುವುದು ನನಗೆ ರುಚಿಸಿತ್ತು ಎನ್ನುವುದೂ ನಿಜ.

ಚಳಿಗಾಲದಲ್ಲಿ ಅವಳು ಚೇತರಿಸಿಕೊಂಡಂತೆ ಕಂಡಳು. ಪಾಂಡವಪುರದ ಕಡೆ ಆಲೆಮನೆಗಳು ಹೊಗೆಯಾಡುತ್ತಿದ್ದ ದಿನಗಳವು. ಕುಮಾರ ಬರುವಾಗ ಬೆಲ್ಲದಚ್ಚು ತಂದು ವಾರ್ಡಿನವರಿಗೆಲ್ಲ ಹಂಚಿದ. ಯುಗಾದಿ ಕಳೆಯುತ್ತಲೇ ಗಡ್ಡೆ ತಿರುಗಿ ಎದ್ದಿತು. ವೈಶಾಖ ಮುಗಿಯುವಷ್ಟರಲ್ಲಿ ಗಾನವಿ ಹೋದಳು. ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ನರ್ಸಮ್ಮ ಹೇಳಿದಾಗ. ಅವತ್ತು ಕೆ ನಾಲ್ಕರ ಬಾಟಲಿ ತುಂಬಿತ್ತು. ಅದನ್ನು ಎರಡು ಮಾಡುವ ದಿನ. ಮಾಡಿದೆ. ಅಳು ಬಂದದ್ದು ಮಧ್ಯಾಹ್ನ ಚೀಲ ತೆಗೆದಾಗ.

ಡಾಕ್ಟರಮ್ಮ ಕೇಳಿದ ಮೊದಲ ಮಾತು ರಕ್ತ ಇದೆಯಾ ಎಂದು. ಇಲ್ಲ ಎಂದೆ. ಆಸ್ಪತ್ರೆಯಲ್ಲಿ ವಿಚಾರಿಸಿದೆವು, ಹಳೆಯದೇನೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ. ತಂದೆ ತಾಯಿಯ ರಕ್ತ ಸಿಕ್ಕರೂ ಹೋಲಿಸಬಹುದು, ಇಲ್ಲದಿದ್ದರೆ ಈ ಒಂದು ವರ್ಷ ಮಣ್ಣುಪಾಲು ಎಂದರು. ಮರುಕಪಟ್ಟು ಸೂಜಿ ಚುಚ್ಚದವಳು ಈಗ ಸಾವಿನ ಮನೆಗೆ ಹೋಗಿ ಚುಚ್ಚಬೇಕಾಯಿತು.

ಒಂದು ತಿಂಗಳು ಬಿಟ್ಟು ಹೋದೆ. ಆಷಾಢದ ಜಿಟಿಜಿಟಿ ಮಳೆ. ನಿಂಗಮ್ಮ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿತ್ತು. ನನ್ನನ್ನು ನೋಡಿ ಎದ್ದು ಚಾಪೆ ಹಾಕಿತು, ಶೋಭಾಗೆ ಮಜ್ಜಿಗೆ ತರಲು ಹೇಳಿತು. ಕುಡಿದಾದ ಮೇಲೆ, ಮಗ ಸೊಸೆಯ ರಕ್ತ ಸ್ವಲ್ಪ ಬೇಕಾಗಿತ್ತು, ನಮ್ಮ ಹತ್ತಿರ ಇರುವುದು ಗಾನವಿಯದೇ ಎಂದು ತೋರಿಸಲು ಎಂದೆ. ನಿಂಗಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಅದಿನ್ನೂ ಇದೆಯಾ ಎಂದು ಕೇಳಿತು. ಇದೆ ಎಂದೆ. ಬದುಕಿದೆಯಾ ಎಂದಿತು. ಬದುಕಿದೆ ಎಂದೆ.

"ಮೂರ್ನೇ ದಿನ ಆಲು-ತುಪ್ಪ ಬುಟ್ಟು ಬಂದು, ಮನೇಲಿದ್ದ ನೀರು, ಮೊಸ್ರು, ಎಪ್ಪು ಎಲ್ಲಾವ ತಿಪ್ಪೆಗೆ ಚೆಲ್ದೆ. ಸೂತ್ಕದ್ ಮನೆ ಎಪ್ಪ ಯಾರೂ ಮಡಗಾಕಿಲ್ಲ ಕಣವ್ವ. ನಿನ್ತಾವ ಇರೋದ್ನೂ ಚೆಲ್ಬುಡು. ಮಗ ಒಂಟೋಗ್ಲಿ."

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಹೆಪ್ಪು ಎಂದವಳು ನಾನು. ಸಾವಾದ ಮನೆಯಲ್ಲಿ ಹಳೆಯ ಹೆಪ್ಪು ಇಟ್ಟುಕೊಳ್ಳುವುದಿಲ್ಲ, ಚೆಲ್ಲಿ ಬೇರೆ ಮನೆಯಿಂದ ಹೊಸದು ತರುತ್ತಾರೆ ಎಂಬುದು ನನಗೂ ತಿಳಿದದ್ದೇ, ಆದರೆ ಆಸ್ಪತ್ರೆಯಲ್ಲಿ ಕೂತು ಉದಾಹರಣೆ ಕೊಡುವಾಗ ಅಷ್ಟು ದೂರ ಯೋಚಿಸಿರಲಿಲ್ಲ. ಸೈನು ಮಾಡಿದವರು ನಿಮ್ಮ ಮಗ, ನೀವಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಆ ಮಾತು ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಪತ್ರದ ಕೊನೆಯ ಸಾಲನ್ನು ಓದಿದವಳು ನಾನೇ ಅಲ್ಲವೇ. ಮನೆಯವರೆಲ್ಲ ಹಾಗೆ ಹೇಳಿದರೆ ಚೆಲ್ಲುತ್ತೇನೆ ಎಂದೆ. ಆ ವರ್ಷ ಬಂದ ಚೂರುಗಳಲ್ಲಿ ನಿಂತದ್ದು ಅದೊಂದೇ.

ಶೋಭಾ ಬಾಗಿಲಲ್ಲಿ ನಾನು ಕುಡಿದುಕೊಟ್ಟ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಆಸ್ಪತ್ರೆಯಲ್ಲಿ ಅಷ್ಟು ತಿಂಗಳಲ್ಲಿ ಅವಳ ಬಾಯಿಂದ ನಾನು ಹತ್ತು ಮಾತು ಕೇಳಿದ್ದರೆ ಹೆಚ್ಚು.

"ಅತ್ತೆ, ಚೆಲ್ದ್ ಮ್ಯಾಲೆ ಎಪ್ಪ ಯಾರ ಮನೆಯಿಂದ ತಂದ್ರಿ?"

ಕೆಂಪಮ್ಮನ ಮನೆಯಿಂದ ಎಂದು ನಿಂಗಮ್ಮ ಹೇಳಿತು. ಕೆಂಪಮ್ಮ ಎದುರುಮನೆಯಾಕೆ.

"ಕೆಂಪಮ್ಮಂಗೆ ಯುಗಾದೀಲಿ ಎಪ್ಪು ಕೊಟ್ಟೋರು ಯಾರು? ನಾವೇ ಅಲ್ವಾ. ನಮ್ಮನೇದೇ ತಿರ್ಗಿ ನಮ್ಮನೆಗೆ ಬಂತು. ಸಾವ್ಗೆ ಮುಂಚೇನೆ ಕೊಟ್ಟಿದ್ದು ಈಸ್ಕೊಂಡೋರ್ದು, ಅದ್ಕೆ ಸೂತ್ಕ ಇಲ್ಲ ಅಂತ ನೀವೇ ಏಳುದ್ರಿ. ಇವ್ರಿಗೆ ಕೊಟ್ಟಿದ್ದು ಓದ್ ವರ್ಸ ಶ್ರಾವಣದಲ್ಲಿ."

ನಿಂಗಮ್ಮ ಸೊಸೆಯ ಮುಖ ನೋಡಿತು, ಆಮೇಲೆ ಮೊರದೊಳಗಿನ ರಾಗಿ ನೋಡಿತು. ಮಳೆ ಸ್ವಲ್ಪ ಜೋರಾಯಿತು. ನನ್ನ ಬಾಯಿಂದ ಆಗಬೇಕಾದ್ದು ಮೊದಲೇ ಆಗಿತ್ತು. ಕೊನೆಗೆ ನಿಂಗಮ್ಮ, ಅದೂ ಸರೀನೇ ಕಣೆ ಎಂದು ಹೇಳಿ, ಮೊರ ಕೆಳಗಿಟ್ಟು ಕೊಟ್ಟಿಗೆಗೆ ಹೋಯಿತು.

ಶೋಭಾ ಚಾಪೆಯ ಮೇಲೆ ಕೂತು ತೋಳು ಚಾಚಿದಳು. ಕುಮಾರನನ್ನು ಹೊಲದಿಂದ ಕರೆಸಿದರು. ಅವನು ಕೈಯಲ್ಲಿದ್ದ ಗ್ರೀಸನ್ನು ಲುಂಗಿಗೆ ಒರೆಸಿಕೊಂಡು ಮುಖ ಆಚೆ ತಿರುಗಿಸಿ ಕೂತ. ಎರಡು ಪುಟ್ಟ ಕೊಳವೆ ತುಂಬಿದವು. ನಾನು ಹೊರಡುವಾಗ ನಿಂಗಮ್ಮ ಒಂದು ಸ್ಟೀಲಿನ ಡಬ್ಬಿ ತಂದು ನನ್ನ ಕೈಗಿಟ್ಟಿತು. ಮುಚ್ಚಳ ತೆಗೆದರೆ ಹೆಪ್ಪು.

"ಮನೆಗೆ ತಕಂಡೋಗು. ಈಸ್ಕೊಂಡೋರು ಕೆಡುಸ್ಬಾರ್ದು."

ಅಷ್ಟೇ ಹೇಳಿದ್ದು. ಯಾವುದನ್ನು ಕೆಡಿಸಬಾರದು ಎಂದು ನಾನು ಕೇಳಲಿಲ್ಲ.

ಬಸ್ ಸ್ಟಾಪಿನವರೆಗೆ ಶೋಭಾ ಕೊಡೆ ಹಿಡಿದು ಜೊತೆಗೆ ಬಂದಳು. ಇಬ್ಬರಿಗೂ ಒಂದೇ ಕೊಡೆ, ಇಬ್ಬರದೂ ಒಂದೊಂದು ಭುಜ ನೆನೆಯುತ್ತಿತ್ತು. ಅರ್ಧ ದಾರಿಯಲ್ಲಿ ಅವಳು ತಾನಾಗಿ ಮಾತು ತೆಗೆದಳು.

"ಅತ್ತೆ ಅದ್ನ ಮಗ ಅನ್ಕೊಂಡವ್ರೆ. ನಂಗೊತ್ತು ಅಕ್ಕ. ನೀವು ಸಾಕ್ತಾ ಇರೋದು ಗಾನವೀನಲ್ಲ. ಅವಳ್ನ ತಿಂದಿದ್ನ."

ಇದನ್ನು ಮೊದಲ ದಿನವೇ ಹೇಳಬೇಕಾದವಳು ನಾನು. ಹೆಪ್ಪು ಮನೆಗೆ ಬೇಕಾದದ್ದು, ಒಳ್ಳೆಯದು. ಗಡ್ಡೆಯನ್ನು ಹೆಪ್ಪು ಎಂದು ಕರೆದು ನಾನು ಅದರ ಮುಖ ಮುಚ್ಚಿಬಿಟ್ಟಿದ್ದೆ. ಇವಳು ಮುಚ್ಚಳ ತೆಗೆದು ನೋಡಿದ್ದಳು. ಹಾಗಿದ್ದರೆ ಚೆಲ್ಲಿ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಚೆಲ್ಲುದ್ರೆ ಅದ್ಕೇನಾಯ್ತದೆ. ಇನ್ನೊಂದ್ ಮಗೀಗ್ ಬತ್ತದೆ. ಯಾವುದ್ರಲ್ಲಿ ಸಾಯ್ತದೆ ಅಂತ ಗೊತ್ತಾಗ್ಬೇಕಲ್ವಾ. ಗೊತ್ತಾದ್ ದಿನ ನಂಗೊಂದು ಫೋನ್ ಮಾಡಿ."

ನಂಬರು ಹೇಳಿದಳು. ಬರೆದುಕೊಂಡೆ. ಬಸ್ಸು ಬಂತು.

ರಕ್ತ ಹೊಂದಿಕೆಯಾಯಿತು. ಬಾಟಲಿಯಲ್ಲಿದ್ದದ್ದು ಅವರ ಮಗಳದೇ. ಕೆ ನಾಲ್ಕು ಲೈನಾಗಿ ದಾಖಲಾಯಿತು. ಎಲ್ಲವನ್ನೂ ಒಂದೇ ಮನೆಯಲ್ಲಿಡಬಾರದು ಎಂದು ನಾನು ಹಟ ಹಿಡಿದು, ಬೇರೆ ಊರಿನ ಎರಡು ಲ್ಯಾಬಿಗೂ ಒಂದಷ್ಟು ಕಳಿಸಿದೆವು. ಇದು ಎಲ್ಲಿ ಕಲಿತ ಪಾಠ ಎಂದು ಡಾಕ್ಟರಮ್ಮ ಕೇಳಿದರು, ಬೂಕನಕೆರೆಯ ಕಡೆ ಎಂದೆ. ಸ್ಟೀಲಿನ ಡಬ್ಬಿಯನ್ನು ಮನೆಗೆ ತಂದ ದಿನ ಅಮ್ಮ, ಯಾರ ಮನೆಯದೋ ಏನೋ ಎಂದು ಮೂಗು ಮುರಿದಳು. ಅಪ್ಪ ಬೆರಳ ತುದಿಯಿಂದ ತೆಗೆದು ನಾಲಿಗೆಗಿಟ್ಟುಕೊಂಡು, ಎಮ್ಮೆಯ ಹಾಲು, ಹದವಾಗಿದೆ, ಹಾಕು ಎಂದರು. ನಮ್ಮ ಮನೆಯ ಮೊಸರು ಈಗಲೂ ಅದೇ.

ಆ ನಂಬರು ನನ್ನ ಫೋನಿನಲ್ಲಿ ಕೆ ನಾಲ್ಕು ಎಂಬ ಹೆಸರಿನಲ್ಲೇ ಇದೆ. ಆರು ವರ್ಷದಲ್ಲಿ ಒಮ್ಮೆಯೂ ಫೋನು ಮಾಡಿರಲಿಲ್ಲ. ಮಾಡಲು ಕಾರಣವಿರಲಿಲ್ಲ. ಬಾಟಲಿಯಲ್ಲಿರುವುದನ್ನು ಕೊಲ್ಲುವುದು ದೊಡ್ಡದಲ್ಲ, ಸ್ಪಿರಿಟ್ಟು ಸುರಿದರೂ ಸಾಯುತ್ತದೆ. ಮಗುವನ್ನು ಉಳಿಸಿ ಅದನ್ನು ಮಾತ್ರ ಕೊಲ್ಲುವುದು ಬೇರೆ. ಗೃಹಪ್ರವೇಶಕ್ಕೆ ಹೊರಡುವ ಹಿಂದಿನ ವಾರ, ನಾವು ಕೆ ನಾಲ್ಕನ್ನು ಕಳಿಸಿದ್ದ ಲ್ಯಾಬೊಂದರಿಂದ ಪತ್ರ ಬಂದಿತ್ತು. ಒಂದು ಹೊಸ ಔಷಧಿಗೆ ಸುಮಾರು ಅರ್ಧ ಕೋಶಗಳು ಸತ್ತವು, ಅದೇ ಔಷಧಿಗೆ ಮೈಯ ಸಾಮಾನ್ಯ ಕೋಶಗಳಿಗೆ ಏನೂ ಆಗಲಿಲ್ಲ ಎಂದು. ಇದು ಬಾಟಲಿಯೊಳಗಿನ ಮಾತು. ಬಾಟಲಿಯಿಂದ ಮಗುವಿನ ತೋಳಿಗೆ ಬರಲು ಎಷ್ಟು ವರ್ಷವೋ, ಬರದೆಯೂ ಹೋಗಬಹುದು. ಇಂಥದ್ದನ್ನು ಹೇಳಿ ಯಾರಿಗೂ ಆಸೆ ಹುಟ್ಟಿಸಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಇಷ್ಟೆಲ್ಲ ಗೊತ್ತಿದ್ದೂ, ಡೈರಿಯೆದುರು ನಿಂತ ಬಸ್ಸಿನಲ್ಲಿ ಕೂತು ನಾನು ಆ ನಂಬರು ಒತ್ತಿದೆ.

ಎತ್ತಿದಳು. ಮಾತು ದೂರದಿಂದ ಬರುತ್ತಿತ್ತು, ಬಕೆಟ್ಟಿಗೆ ಹಾಲು ಬೀಳುವ ಸದ್ದು ಹತ್ತಿರದಿಂದ. ಹಸು ಕರೆಯುತ್ತಿದ್ದಳು. ಆಸ್ಪತ್ರೆಯ ಪಾನಕದಕ್ಕ ಎಂದೆ. ಹಾಲಿನ ಸದ್ದು ನಿಂತಿತು.

"ಸತ್ತೋಯ್ತಾ?"

ಅರ್ಧ ಎಂದೆ. ಬಾಟಲಿಯಲ್ಲಿ ಎಂದೆ. ಇನ್ನೂ ಬಹಳ ದೂರವಿದೆ ಎಂದೂ ಹೇಳಿದೆ. ಡ್ರೈವರು ಬಂದು ಕೂತು ಬಸ್ಸು ಶುರು ಮಾಡಿದ.

"ಅರ್ಧ ಸಾಯೋದು ಗಾನವೀಗೂ ಆಗಿತ್ತಲ್ಲ ಅಕ್ಕ, ಚಳೀಲಿ. ಪೂರ್ತಿ ಸತ್ತಾಗ ಮಾಡಿ. ಅಲ್ಲೀಗಂಟ ಚೆನ್ನಾಗ್ ನೋಡ್ಕಳಿ ಅದ್ನ."

ನೋಡಿಕೊಳ್ಳುತ್ತೇನೆ ಎಂದೆ. ಹಾಲು ಬೀಳುವ ಸದ್ದು ಮತ್ತೆ ಶುರುವಾಯಿತು.